ಕಾವು ಕೀಸಲು ಯಾವ ಸ್ಪೋಕ್‌ಶೇವ್?

ಕೊಡಲಿಗೆ ಹೊಸ ಕಾವು ಹಾಕುವಾಗ ಬಾಚಿ ಕೆಳಗಿಟ್ಟ ಮೇಲೆ ಕೈ ಕಟ್ಟಿದಂತಾಗುವ ಒಂದು ಹೊತ್ತು ಬರುತ್ತದೆ. ಕೆತ್ತಿ ಕೆತ್ತಿ ಕಾವು ಹೆಚ್ಚುಕಡಿಮೆ ಆಕಾರಕ್ಕೆ ಬಂದಿದೆ, ಇನ್ನೊಂದು ಏಟು ಹಾಕಿದರೆ ಇರಬೇಕಾದ ಮರವೇ ಎದ್ದುಹೋಗುತ್ತದೆ. ಹಳ್ಳಿಯಲ್ಲಿ ಮಾಡುವ ಹಾಗೆ ಗಾಜಿನ ಚೂರು ಹಿಡಿದು ಹೆರೆಯೋಣವೆಂದರೆ ಇನ್ನೂ ಎರಡು ಮೂರು ಮಿಲಿಮೀಟರ್ ಇಳಿಯಬೇಕು, ಸಂಜೆಯಾದರೂ ಮುಗಿಯುವುದಿಲ್ಲ. ಉಜ್ಜುಗೊರಡು ಹಲಗೆಗೆಂದೇ ಮಾಡಿದ್ದು, ಕಾವಿನ ಬಾಗಿನ ಮೇಲೆ ಕೂರುವುದೇ ಇಲ್ಲ. ಆ ಹೊತ್ತಿಗೆ ಒದಗುವ ಉಪಕರಣ ಸ್ಪೋಕ್‌ಶೇವ್.

ನೋಡಲು ಸರಳ. ಎರಡು ಕಡೆ ರೆಕ್ಕೆಯಂಥ ಹಿಡಿ, ನಡುವೆ ಸುಮಾರು ಎರಡು ಅಂಗುಲ ಅಗಲದ ಬ್ಲೇಡು, ಬ್ಲೇಡಿನ ಹಿಂದೆ ಮುಂದೆ ಒಂದೊಂದು ಬೆರಳಗಲದ ಅಡಿ, ಅಂದರೆ ಮರದ ಮೇಲೆ ಜಾರುವ ತಳ. ಉಜ್ಜುಗೊರಡಿನ ಉದ್ದವನ್ನೆಲ್ಲ ಕತ್ತರಿಸಿ, ಬ್ಲೇಡು ಹೊರಗೆ ಇಣುಕುವ ಬಾಯಿಯ ಸುತ್ತಲಿನ ತುಂಡನ್ನಷ್ಟೇ ಉಳಿಸಿಕೊಂಡ ಹಾಗೆ. ಅಡಿ ಗಿಡ್ಡವಾದ್ದರಿಂದ ಬಾಗನ್ನು ಹಿಂಬಾಲಿಸುತ್ತದೆ. ಅಡಿ ಅಂತ ಒಂದು ಇರುವುದರಿಂದ ಬ್ಲೇಡು ಕತ್ತಿಯ ಹಾಗೆ ಮರದೊಳಕ್ಕೆ ಇಳಿದುಹೋಗುವುದಿಲ್ಲ. ಇಂಗ್ಲೆಂಡಿನ ಗಾಡಿ ಬಡಗಿಗಳು ಚಕ್ರದ ಅರೆಕಾಲುಗಳನ್ನು ಇದರಲ್ಲಿ ಕೀಸುತ್ತಿದ್ದರು. ಅರೆಕಾಲಿಗೆ ಅವರು ಸ್ಪೋಕ್ ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಕುರ್ಚಿಯ ಕಾಲು, ಕ್ರಿಕೆಟ್ ಬ್ಯಾಟು, ದೋಣಿಯ ಹುಟ್ಟು, ಗುದ್ದಲಿ ಕಾವು, ಮರದ ಸೌಟು, ಹೀಗೆ ಬಾಗು ಇದ್ದಲ್ಲೆಲ್ಲ ಇದಕ್ಕೆ ಕೆಲಸವಿದೆ.

ಕೊಳ್ಳಲು ಹೊರಟರೆ ನಾಲ್ಕಾರು ಬಗೆ ಎದುರಾಗುತ್ತವೆ. ಹೆಚ್ಚಿನವರು ಬೆಲೆ ನೋಡಿ ಆರಿಸುತ್ತಾರೆ. ನಾನು ಹೇಳುವುದು ಬೇರೆ: ಮೊದಲು ನೀವು ಕೀಸುವ ಮರ ಯಾವುದು ನೋಡಿ, ಆಮೇಲೆ ಬಾಗು ಎಷ್ಟು ನೋಡಿ, ಬೆಲೆ ಕಡೆಗಿರಲಿ. ಯಾವುದನ್ನೇ ತಂದರೂ ಒಂದು ಮಧ್ಯಾಹ್ನ ಕೂತು ಅದನ್ನು ಅಣಿ ಮಾಡದೆ ಮರಕ್ಕೆ ಮುಟ್ಟಿಸಬೇಡಿ.

ಮರದ್ದೋ, ಕಬ್ಬಿಣದ್ದೋ

ಹಳೆಯ ಕಾಲದ್ದು ಮರದ ಒಡಲಿನ ಸ್ಪೋಕ್‌ಶೇವ್. ಯುರೋಪಿನಲ್ಲಿ ಬೀಚ್ ಅಥವಾ ಬಾಕ್ಸ್‌ವುಡ್ ಮರದಲ್ಲಿ ಮಾಡುತ್ತಿದ್ದರು. ಬ್ಲೇಡಿನ ಎರಡು ತುದಿಯಲ್ಲಿ ಮೇಲಕ್ಕೆ ಬಾಗಿದ ಕೊಂಬುಗಳಿದ್ದು, ಅವು ಒಡಲಿನ ತೂತಿನಲ್ಲಿ ಬಿಗಿಯಾಗಿ ಕೂರುತ್ತವೆ. ಬ್ಲೇಡು ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಅದರ ಚಪ್ಪಟೆ ಮುಖವೇ ಅಡಿಯ ಹಿಂಭಾಗವಾಗಿ ಮರದ ಮೇಲೆ ಜಾರುತ್ತದೆ. ಹೀಗಾಗಿ ಅಂಚು ಮರಕ್ಕೆ ತಾಗುವ ಕೋನ ತೀರ ಕಡಿಮೆ, ಸಾಣೆ ಹಿಡಿದ ಓರೆಗಿಂತ (ಅಂಚಿಗೆ ಕೊಟ್ಟ ಇಳಿಜಾರು ಮುಖಕ್ಕಿಂತ) ಹೆಚ್ಚೇನಿಲ್ಲ.

ಹಸಿ ಮರಕ್ಕೆ, ಮೆತ್ತನೆಯ ಮರಕ್ಕೆ, ಅಡ್ಡ ಕೊಯ್ದ ತುದಿಗೆ ಇದರಷ್ಟು ಸುಖ ಇನ್ನೊಂದಿಲ್ಲ. ಬೆಣ್ಣೆಯ ಮೇಲೆ ಚಾಕು ಎಳೆದಂತೆ ಹೋಗುತ್ತದೆ. ಒಣಗಿ ಗಟ್ಟಿಯಾದ ಮರದಲ್ಲಿ, ಅದರಲ್ಲೂ ನಾರು ಒಮ್ಮೆ ಅತ್ತ ಒಮ್ಮೆ ಇತ್ತ ಹೆಣೆದುಕೊಂಡ ಮರದಲ್ಲಿ, ಇದೇ ಗುಣ ದೋಷವಾಗುತ್ತದೆ. ಕಡಿಮೆ ಕೋನದ ಅಂಚು ನಾರಿನಡಿಗೆ ತೂರಿ ಅದನ್ನು ಕಿತ್ತು ಎಬ್ಬಿಸುತ್ತದೆ. ನಮ್ಮ ಹೊನ್ನೆ, ಮತ್ತಿ, ಬೀಟೆಯಲ್ಲಿ ಇಂಥ ನಾರು ಮಾಮೂಲು. ಸಾಣೆ ಹಿಡಿಯುವುದೂ ಕಷ್ಟ, ಕೊಂಬುಗಳು ಅಡ್ಡ ಬರುವುದರಿಂದ ಕಿರಿದಾದ ಕಲ್ಲನ್ನೇ ಬ್ಲೇಡಿನ ಮೇಲೆ ಆಡಿಸಬೇಕಾಗುತ್ತದೆ. ಬಾಯಿಯ ಮುಂದಿನ ಮರ ತಿಕ್ಕಿ ತಿಕ್ಕಿ ಸವೆಯುತ್ತದೆ. ಒಳ್ಳೆಯದರಲ್ಲಿ ಅಲ್ಲಿ ಹಿತ್ತಾಳೆ ಪಟ್ಟಿ ಕೂರಿಸಿರುತ್ತಾರೆ.

ಕಬ್ಬಿಣದ್ದರಲ್ಲಿ ಬ್ಲೇಡು ಉಜ್ಜುಗೊರಡಿನ ಹಾಗೆ ಸುಮಾರು 45 ಡಿಗ್ರಿಯಲ್ಲಿ, ಓರೆ ಕೆಳಮುಖವಾಗಿ ಕೂರುತ್ತದೆ. ಓರೆಯನ್ನು 25 ಡಿಗ್ರಿಗೆ ಹಿಡಿಯಿರಿ, 30ಕ್ಕೆ ಹಿಡಿಯಿರಿ, ಮರಕ್ಕೆ ತಾಗುವ ಕೋನ ಬದಲಾಗುವುದಿಲ್ಲ. ಒಣಗಿದ ಗಟ್ಟಿ ಮರಕ್ಕೆ ಇದು ಹೊಂದುತ್ತದೆ. ಅಮೆರಿಕದ ಲಿಯೊನಾರ್ಡ್ ಬೈಲಿ 19ನೇ ಶತಮಾನದ ನಡುವಿನಲ್ಲಿ ಇಂಥವನ್ನು ಮಾಡಿದ. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ವ್ಯವಹಾರವನ್ನು ಕೊಂಡಿತು. ಇವತ್ತು ಅಂಗಡಿಯಲ್ಲಿ ಸಿಗುವ ಕಬ್ಬಿಣದ ಸ್ಪೋಕ್‌ಶೇವ್‌ಗಳಲ್ಲಿ ಬಹುಪಾಲು ಆ ಸಂತಾನದವೇ.

ಮರ ಹಸಿಯಿರುವಾಗಲೇ ಕೆತ್ತಿ ಸೌಟು, ಬಟ್ಟಲು ಮಾಡುವವರು ನೀವಾಗಿದ್ದರೆ ಮರದ್ದನ್ನು ನೋಡಿ. ಕಾವು, ಕುರ್ಚಿ, ಪೀಠೋಪಕರಣದ ಬಾಗು ನಿಮ್ಮ ಕೆಲಸವಾದರೆ ಕಬ್ಬಿಣದ್ದೇ ಸರಿ. ನಮ್ಮ ಕಡೆ ಮರ ಸಿಗುವುದು ಒಣಗಿದ ಮೇಲೆ, ಅದೂ ಗಟ್ಟಿ ಜಾತಿ. ಹಾಗಾಗಿ ಮೊದಲ ಸ್ಪೋಕ್‌ಶೇವ್ ಯಾವುದು ಅಂತ ಕೇಳಿದವರಿಗೆಲ್ಲ ನಾನು ಕಬ್ಬಿಣದ್ದನ್ನೇ ಹೇಳುತ್ತೇನೆ.

51, 151, ಮತ್ತು ಬಾಕಿಯವು

ಸ್ಟ್ಯಾನ್ಲಿಯ ಹಳೆಯ ನಂಬರುಗಳು ಈಗ ಜಾತಿಯ ಹೆಸರಿನಂತಾಗಿವೆ, ಬೇರೆಯವರು ಮಾಡಿದ್ದನ್ನೂ ಅದೇ ನಂಬರಿನಿಂದ ಕರೆಯುತ್ತಾರೆ. 51ರಲ್ಲಿ ಬ್ಲೇಡನ್ನು ಹೊಂದಿಸಲು ತಿರುಪು ಇಲ್ಲ. ಸಪಾಟು ಮರದ ಮೇಲೆ ಇಟ್ಟು, ಬ್ಲೇಡು ಮರಕ್ಕೆ ತಾಗುವಷ್ಟು ಇಳಿಸಿ, ಬಿಗಿ ಮಾಡಿ, ಆಮೇಲೆ ಚಿಕ್ಕ ಸುತ್ತಿಗೆಯಿಂದ ತಟ್ಟಿ ಸರಿಪಡಿಸಬೇಕು. 151ರಲ್ಲಿ ಬ್ಲೇಡಿನ ಎರಡು ಬದಿಗೂ ಒಂದೊಂದು ತಿರುಪು ಇದೆ. ಎರಡನ್ನೂ ಸಮ ತಿರುಗಿಸಿದರೆ ಬ್ಲೇಡು ನೇರ ಇಳಿಯುತ್ತದೆ, ಒಂದನ್ನೇ ತಿರುಗಿಸಿದರೆ ಒಂದು ಬದಿ ಇಳಿಯುತ್ತದೆ.

ಈ ಎರಡನೆಯದರಲ್ಲೇ 151ರ ನಿಜವಾದ ಲಾಭ ಇದೆ. ಬೇಕೆಂದೇ ಒಂದು ಬದಿಯನ್ನು ಕೂದಲೆಳೆಯಷ್ಟು ಜಾಸ್ತಿ ಇಳಿಸಿಡಿ. ಆಗ ಒಂದೇ ಉಪಕರಣದಲ್ಲಿ ಎಡಗಡೆ ದಪ್ಪ ಸುರುಳಿ, ಬಲಗಡೆ ತೆಳು ಸುರುಳಿ. ಒರಟು ಕೆಲಸಕ್ಕೆ ಎಡಬದಿಯನ್ನು ಮರದ ಮೇಲೆ ತನ್ನಿ, ನಯಕ್ಕೆ ಬಲಬದಿಗೆ ಸರಿಯಿರಿ. ಕಾವು ಕಿರಿದಾದ್ದರಿಂದ ಪೂರ್ತಿ ಎರಡಂಗುಲದ ಬ್ಲೇಡು ಒಟ್ಟಿಗೆ ಯಾವತ್ತೂ ಮರಕ್ಕೆ ತಾಗುವುದಿಲ್ಲ. ಹಾಗಾಗಿ ಈ ಉಪಾಯ ನಡೆಯುತ್ತದೆ. ಹೊಸಬರಿಗೆ 51ಕ್ಕಿಂತ 151 ಮೇಲು ಎನ್ನಲು ನನಗೆ ಈ ಒಂದು ಕಾರಣ ಸಾಕು.

ಎರಡರಲ್ಲೂ ಹಿಡಿ ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ಎದ್ದಿರುತ್ತದೆ. 52 ಮತ್ತು 152ರಲ್ಲಿ ಹಿಡಿ ನೇರ, ಕೈ ಅಂಚಿನ ಮಟ್ಟಕ್ಕೇ ಹತ್ತಿರವಿರುವುದರಿಂದ ಉಪಕರಣ ಮುಂದಕ್ಕೆ ಹಿಂದಕ್ಕೆ ಉರುಳುವುದು ಕಡಿಮೆ. ಅವು ಸಿಕ್ಕರೆ ಬಿಡಬೇಡಿ, ಆದರೆ ಹುಡುಕಿಕೊಂಡು ಅಲೆಯಬೇಕಾದಷ್ಟು ವ್ಯತ್ಯಾಸವೇನಿಲ್ಲ. 53ರಲ್ಲಿ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದು. 55ರ ಅಡಿ ಒಳಕ್ಕೆ ಗುಳಿಬಿದ್ದಿರುತ್ತದೆ, ದುಂಡು ಕೋಲಿಗೆಂದು ಮಾಡಿದ್ದು. ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ, ಸಪಾಟು ಅಡಿಯಲ್ಲೇ ದುಂಡು ಮಾಡುವುದು ಹೇಗೆಂದು ಮುಂದೆ ಬರುತ್ತದೆ.

ಹೆಚ್ಚು ಜನ ಎಡವುವುದು ಸಪಾಟು ಅಡಿ, ದುಂಡು ಅಡಿಗಳ ನಡುವೆ. 151ಕ್ಕೆ 151ಆರ್ ಎಂಬ ಜೊತೆಗಾರ ಇದೆ, ಅದರ ಅಡಿ ಮುಂದಿನಿಂದ ಹಿಂದಕ್ಕೆ ದುಂಡಾಗಿರುತ್ತದೆ. ಬಾಗು ಕೀಸಲು ದುಂಡು ಅಡಿಯೇ ಬೇಕು ಅಂದುಕೊಂಡು ಮೊದಲಿಗೆ ಅದನ್ನೇ ತರುತ್ತಾರೆ. ದುಂಡು ಅಡಿ ಮರಕ್ಕೆ ತಾಗುವುದು ಒಂದೇ ಗೆರೆಯಲ್ಲಿ. ಮಣಿಕಟ್ಟು ಒಂದು ಚೂರು ತಿರುಗಿದರೂ ಬ್ಲೇಡು ಒಂದೋ ಮೇಲೇಳುತ್ತದೆ, ಇಲ್ಲವೇ ಕಚ್ಚಿಕೊಳ್ಳುತ್ತದೆ. ಉಬ್ಬಿದ ಬಾಗು ಎಷ್ಟೇ ಇರಲಿ ಸಪಾಟು ಅಡಿ ಸಾಕು. ತಗ್ಗು ಬಾಗಿನಲ್ಲೂ, ಕೊಡಲಿ ಕಾವಿನ ಸೊಂಟದಂಥ ನಿಧಾನ ಬಾಗಾದರೆ, ಗಿಡ್ಡ ಸಪಾಟು ಅಡಿ ಸಲೀಸಾಗಿ ಇಳಿದು ಹತ್ತುತ್ತದೆ. ದುಂಡು ಅಡಿ ಬೇಕಾಗುವುದು ಕುರ್ಚಿಯ ಬೆನ್ನುಪಟ್ಟಿಯ ಮೂಲೆ, ಸೌಟಿನ ಕತ್ತು, ಇಂಥ ಬಿಗಿ ತಗ್ಗುಗಳಿಗೆ. ಮೊದಲು ಸಪಾಟು ಅಡಿಯದರಲ್ಲಿ ಆರು ತಿಂಗಳು ಕೆಲಸ ಮಾಡಿ. ಎಲ್ಲಿ ಅದು ತಲುಪುವುದಿಲ್ಲ ಎಂದು ಕೈಗೇ ಗೊತ್ತಾದ ಮೇಲೆ ದುಂಡಿನದನ್ನು ತನ್ನಿ.

ಇನ್ನು ದುಬಾರಿ ಬಗೆಯವು. ಕೆನಡಾದ ವೆರಿಟಾಸ್, ಅಮೆರಿಕದ ಲೀ-ನೀಲ್ಸನ್ ಮಾಡುವಂಥವು. ಲೀ-ನೀಲ್ಸನ್‌ನದು ಕುರ್ಚಿ ಮಾಡುವ ಬ್ರಯಾನ್ ಬಾಗ್ಸ್ ವಿನ್ಯಾಸ ಮಾಡಿದ್ದು, ಬ್ಲೇಡು ಹೊಂದಿಸುವ ತಿರುಪುಗಳಿಲ್ಲ, ಬ್ಲೇಡು ದಪ್ಪ. ಇವುಗಳಲ್ಲಿ ಬ್ಲೇಡು ಕೂರುವ ಜಾಗ ಯಂತ್ರದಲ್ಲಿ ಸಪಾಟಾಗಿ ಕೊಯ್ದಿರುತ್ತದೆ, ಅಂಚಿಗೆ ಸ್ವಲ್ಪ ಸಾಣೆ ಕೊಟ್ಟರೆ ಕೆಲಸಕ್ಕೆ ಸಿದ್ಧ. ತರಿಸಿಕೊಳ್ಳುವ ಖರ್ಚು ಸೇರಿದರೆ ಇಲ್ಲಿನದರ ಹಲವು ಪಟ್ಟು ಬೀಳುತ್ತದೆ. ದಿನವೂ ಕುರ್ಚಿ ಮಾಡಿ ಮಾರುವವರಿಗೆ ಆ ಹಣ ವಸೂಲಾಗುತ್ತದೆ. ವರ್ಷಕ್ಕೆ ನಾಲ್ಕು ಕಾವು ಹಾಕುವವರು ಆ ಹಣದಲ್ಲಿ ಒಳ್ಳೆಯ ಸಾಣೆಕಲ್ಲು ಕೊಳ್ಳಲಿ.

ಹಳೆಯದು ಸಿಕ್ಕರೆ? ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಂಥ ಕಡೆ ಹಳೆಯ ಕೈ ಉಪಕರಣಗಳು ಬರುತ್ತವೆ. ಇಂಗ್ಲೆಂಡಿನ ರೆಕಾರ್ಡ್ ಕಂಪನಿಯದೋ ಸ್ಟ್ಯಾನ್ಲಿಯದೋ ಕಣ್ಣಿಗೆ ಬಿದ್ದರೆ ಎತ್ತಿ ನೋಡಿ. ಹಿಡಿ ಒಡಲಿಗೆ ಸೇರುವಲ್ಲಿ ಮತ್ತು ಬಾಯಿಯ ಮೂಲೆಯಲ್ಲಿ ಬಿರುಕಿದೆಯೇ? ಎರಕದ ಕಬ್ಬಿಣ ಕೆಳಗೆ ಬಿದ್ದರೆ ಒಡೆಯುವುದು ಅಲ್ಲೇ. ಬ್ಲೇಡಿನ ಚಪ್ಪಟೆ ಮುಖದಲ್ಲಿ ಅಂಚಿನ ಹತ್ತಿರ ತುಕ್ಕು ಗುಳಿ ಮಾಡಿದೆಯೇ? ಎರಡೂ ಇಲ್ಲವಾದರೆ ಮೇಲಿನ ತುಕ್ಕಿಗೆ ಅಂಜಬೇಡಿ, ಸೀಮೆಎಣ್ಣೆ ಮತ್ತು ತಂತಿ ಬ್ರಷ್ಷಿಗೆ ಅದು ಹೋಗುತ್ತದೆ.

ಒಂದು ಮಧ್ಯಾಹ್ನದ ಕೆಲಸ

ನನ್ನ ಮೊದಲ ಸ್ಪೋಕ್‌ಶೇವ್ ಹೊಸದು, ಅಗ್ಗದ್ದು, 151ರ ನಕಲು. ತಡಸಲು ಮರದ ಕಾವಿನ ಮೇಲೆ ಇಟ್ಟು ತಳ್ಳಿದರೆ ಕಟಕಟ ಎಂದು ಕುಣಿಯಿತು. ಕಾವಿನ ಮೇಲೆ ತೊಳೆಯುವ ಹಲಗೆಯ ಮೇಲಿರುವಂಥ ಗೀರು ಸಾಲು. ಸಾಣೆ ಹಿಡಿದೆ, ಮತ್ತೆ ಕುಣಿಯಿತು. ಒಂದು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಊರಿಗೆ ಹೋದಾಗ ನಮ್ಮ ಆಚಾರ್ರಿಗೆ ತೋರಿಸಿದೆ. ಅವರು ಇಂಥದ್ದನ್ನು ಬಳಸಿದವರಲ್ಲ. ಕೈಗೆ ತಗೊಂಡು, ಬ್ಲೇಡಿನ ಮೇಲೆ ಹೆಬ್ಬೆರಳಿಟ್ಟು ಒಂದು ಬದಿ ಒತ್ತಿದರು, ಇನ್ನೊಂದು ಬದಿ ಒತ್ತಿದರು. “ಸಾಣೆದಲ್ಲ ಮಾರಾಯ, ಕತ್ತಿ ಸರಿ ಕೂತಿಲ್ಲ. ಅಲ್ಲಾಡ್ತದೆ ನೋಡು” ಅಂದರು. ಬಿಚ್ಚಿದರೆ ಬ್ಲೇಡು ಕೂರುವ ಜಾಗದಲ್ಲಿ ಬಣ್ಣದ ಗಂಟು, ಅದರಡಿಯಲ್ಲಿ ಎರಕದ ಉಬ್ಬು. ಬ್ಲೇಡು ನಿಂತಿದ್ದದ್ದು ಆ ಒಂದು ಉಬ್ಬಿನ ಮೇಲೆ.

ಹೀಗಾಗಿ ಸಾಣೆಗಿಂತ ಮೊದಲು ಕೂರುವ ಜಾಗ. ಎಲ್ಲವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು ಒರೆಸಿ. ಬ್ಲೇಡಿನ ಕೆಳಮುಖಕ್ಕೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು, ಜಾಗದಲ್ಲಿ ಇಟ್ಟು ಚೂರು ಆಡಿಸಿ ತೆಗೆಯಿರಿ. ಮಸಿ ಹತ್ತಿದ್ದು ಎತ್ತರದ ಜಾಗ. ಅಲ್ಲಿನ ಬಣ್ಣವನ್ನು ಕೆರೆದು, ಉಬ್ಬನ್ನು ಚಪ್ಪಟೆ ಅರದಿಂದ ನಾಲ್ಕೈದು ಸಲ ಎಳೆದು, ಮತ್ತೆ ಮಸಿ ಹಚ್ಚಿ ನೋಡಿ. ಪೂರ್ತಿ ಕನ್ನಡಿಯಾಗಬೇಕಿಲ್ಲ. ಬಾಯಿಯ ಹತ್ತಿರ ಎರಡು ಕಡೆ, ಮೇಲ್ಗಡೆ ಒಂದೆರಡು ಕಡೆ ಮಸಿ ಹತ್ತಿ ಬ್ಲೇಡು ಅಲ್ಲಾಡದೆ ನಿಂತರೆ ಸಾಕು. ಅವಸರ ಮಾಡಬೇಡಿ, ಅರದಿಂದ ಹೋದ ಕಬ್ಬಿಣ ಮತ್ತೆ ಬರುವುದಿಲ್ಲ.

ಮುಂದಿನದು ಬ್ಲೇಡಿನ ಮೇಲೆ ಒತ್ತುವ ಮುಚ್ಚಳ. ಅದರ ತುದಿ ಬ್ಲೇಡಿಗೆ ಉದ್ದಕ್ಕೂ ಅಂಟಿ ಕೂರಬೇಕು. ಬೆಳಕಿಗೆ ಹಿಡಿದು ನೋಡಿ, ಸಂದಿನಲ್ಲಿ ಬೆಳಕು ಕಂಡರೆ ಅಲ್ಲೇ ಸುರುಳಿ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ. ತುದಿಯ ಒಳಬದಿಯನ್ನು ಗಾಜಿನ ಮೇಲೆ ಹರಡಿದ ಎಮರಿ ಪೇಪರಿನಲ್ಲಿ ಉಜ್ಜಿ ಸಮ ಮಾಡಿ. ಸಪಾಟು ಅಡಿಯನ್ನೂ ಅದೇ ಗಾಜಿನ ಮೇಲೆ ಉಜ್ಜಿ. ಉಜ್ಜುವಾಗ ಬ್ಲೇಡು ಒಳಕ್ಕೆ ಸರಿಸಿ, ಮುಚ್ಚಳದ ತಿರುಪು ಬಿಗಿ ಇದ್ದೇ ಇರಲಿ, ಬಿಗಿದಾಗ ಒಡಲು ಸ್ವಲ್ಪ ಮಣಿಯುತ್ತದೆ. ದುಂಡು ಅಡಿಯನ್ನು ಗಾಜಿನ ಮೇಲೆ ಉಜ್ಜಬೇಡಿ. ಕೈಯಲ್ಲಿ ನಯವಾದ ಪೇಪರಿನಿಂದ ತಿಕ್ಕಿ ಹೊಳಪು ಕೊಟ್ಟರೆ ಮುಗಿಯಿತು.

ಗಾಜು ಅಂದೆನಲ್ಲ, ಕಿಟಕಿ ಗಾಜಿನ ಅಂಗಡಿಯಲ್ಲಿ 8 ಅಥವಾ 10 ಮಿಲಿಮೀಟರ್ ದಪ್ಪದ ಉಳಿಕೆ ತುಂಡು ಕೇಳಿ, ಅಂಚು ಉಜ್ಜಿಸಿಕೊಳ್ಳಿ. ಸಾಣೆಗೂ ಅದೇ ಆಗುತ್ತದೆ.

ಸ್ಪೋಕ್‌ಶೇವ್ ಬ್ಲೇಡು ಬೆರಳಿಗೆ ಸಿಗದಷ್ಟು ಗಿಡ್ಡ, ಸಾಣೆಯಲ್ಲಿ ಕಷ್ಟವಾಗುವುದು ಅದಕ್ಕೇ. ಸಾಣೆಯಲ್ಲಿ ಉಳಿಯನ್ನು ಒಂದೇ ಕೋನದಲ್ಲಿ ಹಿಡಿಯಲು ಬಳಸುವ ಚಕ್ರದ ಹಿಡಿಕೆಗಳಲ್ಲೂ ಅದು ಸರಿಯಾಗಿ ನಿಲ್ಲುವುದಿಲ್ಲ. ಗೇಣುದ್ದದ ರೀಪಿನ ತುದಿಯಲ್ಲಿ ಗರಗಸದಿಂದ ಒಂದು ಸೀಳು ಹಾಕಿ, ಬ್ಲೇಡಿನ ಹಿಂಭಾಗವನ್ನು ಅದರಲ್ಲಿ ಬಿಗಿಯಾಗಿ ತುರುಕಿ. ಈಗ ಅದು ಉದ್ದ ಉಳಿಯಂತೆ ಕೈಗೆ ಸಿಗುತ್ತದೆ. ಮೊದಲು ಚಪ್ಪಟೆ ಮುಖ, ಅದೂ ಪೂರ್ತಿ ಅಲ್ಲ, ಅಂಚಿನ ಹತ್ತಿರದ 5 ಮಿಲಿಮೀಟರ್ ಕನ್ನಡಿಯಂತಾದರೆ ಆಯಿತು. ಆಮೇಲೆ ಓರೆ, 25ರಿಂದ 30 ಡಿಗ್ರಿ. ನೀರು ಹಾಕಿ 400, 800, 1500, 2000 ನಂಬರಿನ ಪೇಪರುಗಳ ಮೇಲೆ ಒಂದಾದ ಮೇಲೊಂದು. ಮೊದಲ ಪೇಪರಿನಲ್ಲಿ ಉಜ್ಜುತ್ತ ಹೋದಂತೆ ಚಪ್ಪಟೆ ಮುಖದ ಕಡೆ ಬೆರಳಿಗೆ ಒಂದು ಸಣ್ಣ ಒರಟು ತುದಿ ಸಿಗುತ್ತದೆ. ಅದು ಅಂಚಿನುದ್ದಕ್ಕೂ ಸಿಗುವ ತನಕ ಮುಂದಿನ ಪೇಪರಿಗೆ ಹೋಗಬೇಡಿ. ಕಡೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಎರಡೂ ಮುಖ ಎಳೆದು ಆ ತುದಿಯನ್ನು ಬೀಳಿಸಿ. ಗ್ರೈಂಡರಿನಲ್ಲಿ ಹಿಡಿಯುವುದಾದರೆ ಪದೇ ಪದೇ ನೀರಿಗೆ ಅದ್ದಿ. ಅಂಚು ನೀಲಿಗೆ ತಿರುಗಿತೆಂದರೆ ಅಷ್ಟು ಭಾಗ ಹದ ಕಳೆದುಕೊಂಡಿತು.

ತೇಗ ಕೀಸುವವರಿಗೆ ಒಂದು ಮಾತು: ತೇಗದಲ್ಲಿ ಸಿಲಿಕಾ ಇರುವುದರಿಂದ ಮರ ಮೆತ್ತಗೆ ಅನ್ನಿಸಿದರೂ ಅಂಚು ಬೇಗ ಮೊಂಡಾಗುತ್ತದೆ. ನಡುನಡುವೆ ಚರ್ಮಕ್ಕೆ ಎಳೆಯುತ್ತಿರಿ.

ಅಗ್ಗದವುಗಳ ಬಾಯಿ ದೊಡ್ಡದಿರುತ್ತದೆ. ನಾರು ಕಿತ್ತು ಬರುತ್ತಿದ್ದರೆ ತಂಪು ಪಾನೀಯದ ಡಬ್ಬಿಯ ತಗಡನ್ನು ಬ್ಲೇಡಿನಗಲ ಕತ್ತರಿಸಿ ಬ್ಲೇಡಿನಡಿಗೆ ಹಾಕಿ. ಬ್ಲೇಡು ಮುಂದಕ್ಕೆ ಬಂದು ಬಾಯಿ ಕಿರಿದಾಗುತ್ತದೆ. ಹೊನ್ನೆಯಂಥ ಹೆಣೆದ ನಾರಿಗೆ ಇನ್ನೊಂದು ದಾರಿ ಇದೆ. ಚಪ್ಪಟೆ ಮುಖದ ತುದಿಗೆ, ಕೂದಲೆಳೆಯಷ್ಟು ಅಗಲಕ್ಕೆ, 10 ಡಿಗ್ರಿಯ ಚಿಕ್ಕ ಓರೆ ಕೊಡಿ. ಮರಕ್ಕೆ ತಾಗುವ ಕೋನ 45ರಿಂದ 55ಕ್ಕೆ ಏರಿ, ನಾರು ಏಳುವ ಬದಲು ಅಲ್ಲೇ ತುಂಡಾಗುತ್ತದೆ. ತಳ್ಳಲು ಬಲ ಜಾಸ್ತಿ ಬೇಕು. ಹಾಗಾಗಿ ಇದಕ್ಕೆಂದು ಇನ್ನೊಂದು ಬ್ಲೇಡು ಇಟ್ಟುಕೊಳ್ಳುವುದು ವಾಸಿ.

ಕೈಯಲ್ಲಿ

ಹಿಡಿಯ ತುದಿಗಳನ್ನು ಸೈಕಲ್ ಹ್ಯಾಂಡಲಿನಂತೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಕೈಗಳನ್ನು ಒಳಕ್ಕೆ ತನ್ನಿ. ತಳ್ಳುವಾಗ ಎರಡೂ ಹೆಬ್ಬೆರಳು ಬ್ಲೇಡಿನ ಹಿಂದೆ ಒಡಲಿನ ಮೇಲೆ, ತೋರುಬೆರಳು ಒಡಲಿನ ಮುಂದಿನ ಬದಿಯ ಮೇಲೆ. ಆಗ ಉಪಕರಣ ಮುಂದಕ್ಕೆ ವಾಲುತ್ತಿದೆಯೋ ಹಿಂದಕ್ಕೋ ಎಂಬುದು ಬೆರಳಿಗೇ ತಿಳಿಯುತ್ತದೆ. ಮಣಿಕಟ್ಟು ಗಟ್ಟಿ, ಮೈ ಹಿಂದಿನಿಂದ ಬರಲಿ. ಮೊದಲು ಅಡಿಯ ಮುಂದಿನ ಭಾಗವನ್ನು ಮರದ ಮೇಲೆ ಊರಿ, ತಳ್ಳುತ್ತ ತಳ್ಳುತ್ತ ಹಿಂದಿನ ಭಾಗವನ್ನು ಇಳಿಸಿ, ಬ್ಲೇಡು ಕಚ್ಚಿಕೊಳ್ಳುವ ಬಿಂದು ಸಿಗುತ್ತದೆ. ತಳ್ಳಬಹುದು, ಎಳೆಯಲೂಬಹುದು. ಮರದ ನಾರು ಹೇಳಿದ ಕಡೆಗೆ ಹೋಗಿ, ನೀವು ಸುತ್ತ ತಿರುಗುವ ಬದಲು ಉಪಕರಣ ತಿರುಗಿಸಿ. ಅಡಿಗೆ ಆಗಾಗ ಮೇಣದ ಬತ್ತಿ ಗೀರಿದರೆ ಅರ್ಧ ಶ್ರಮ ಉಳಿಯುತ್ತದೆ.

ದಿಕ್ಕಿನ ನಿಯಮ ಒಂದೇ: ಯಾವಾಗಲೂ ಇಳಿಜಾರು. ಉಬ್ಬಿನಲ್ಲಿ ನೆತ್ತಿಯಿಂದ ಎರಡೂ ಕಡೆಗೆ ಇಳಿಯಿರಿ. ತಗ್ಗಿನಲ್ಲಿ ಎರಡು ದಡದಿಂದ ನಡುವಿನ ಗುಂಡಿಗೆ ಇಳಿಯಿರಿ, ಗುಂಡಿಯಲ್ಲಿ ನಿಲ್ಲಿಸಿ. ದಾಟಿ ಏರಲು ಹೋದರೆ ನಾರಿಗೆ ಎದುರಾಗಿ ಚಕ್ಕೆ ಏಳುತ್ತದೆ.

ಚೌಕ ಮರವನ್ನು ದುಂಡು ಕಾವು ಮಾಡುವುದಕ್ಕೆ ಅಂದಾಜು ಬೇಡ, ಗೆರೆ ಹಾಕಿಕೊಳ್ಳಿ. ಪ್ರತಿ ಮುಖದ ಅಗಲವನ್ನು 5, 7, 5 ಪಾಲಿನಂತೆ ಹಂಚಿ. ಉದಾಹರಣೆಗೆ 34 ಮಿಲಿಮೀಟರ್ ಚೌಕವಾದರೆ 10, 14, 10. ನಾಲ್ಕೂ ಮುಖದಲ್ಲಿ ಉದ್ದಕ್ಕೆ ಈ ಎರಡೆರಡು ಗೆರೆ ಎಳೆದು, ಮೂಲೆಗಳನ್ನು ಗೆರೆಯ ತನಕ ಕೀಸಿದರೆ ಸರಿಯಾದ ಎಂಟು ಮೂಲೆ ಬರುತ್ತದೆ. 151ರ ದಪ್ಪ ಬದಿಯ ಕೆಲಸ ಇದು. ಆಮೇಲೆ ಎಂಟು ಮೂಲೆಗಳ ಮೇಲೂ ಸಮ ಸಂಖ್ಯೆಯ ಎಳೆತ: ಒಂದೊಂದಕ್ಕೂ ಐದು ಅಂದರೆ ಐದೇ. ಹದಿನಾರು ಮುಖ ಆಗುತ್ತದೆ. ಅಲ್ಲಿಂದ ತೆಳು ಬದಿಗೆ ಸರಿದು, ಕಣ್ಣು ಮುಚ್ಚಿ ಅಂಗೈಯಲ್ಲಿ ಕಾವನ್ನು ತಿರುಗಿಸಿ. ಏಣು ಎಲ್ಲಿ ತಾಗುತ್ತದೋ ಅಲ್ಲೊಂದು ಎಳೆತ. ವೈಸ್ ಇದ್ದರೆ ದವಡೆಗೆ ಗೋಣಿಚೀಲದ ಚೂರು ಮಡಚಿ ಕಾವನ್ನು ಹಿಡಿಸಿ. ಇಲ್ಲವಾದರೆ ಕಾವಿನ ಒಂದು ತುದಿಯನ್ನು ಗೋಡೆಗೆ ಊರಿ, ಇನ್ನೊಂದನ್ನು ಹೊಟ್ಟೆಗೆ ಒಂದು ಹಲಗೆ ಚೂರಿಟ್ಟು ಒತ್ತಿ ಹಿಡಿದು, ಉಪಕರಣವನ್ನು ನಿಮ್ಮ ಕಡೆಗೆ ಎಳೆಯುವುದೂ ನಡೆಯುತ್ತದೆ. ಹೊಟ್ಟೆಗೆ ಗೇಣು ದೂರ ಇರುವಾಗಲೇ ಎಳೆತ ನಿಲ್ಲಿಸಿ.

ಮತ್ತೆ ಕುಣಿಯತೊಡಗಿದರೆ ಹೀಗೆ ನೋಡಿಕೊಂಡು ಬನ್ನಿ: ಬ್ಲೇಡು ಜಾಸ್ತಿ ಇಳಿದಿದೆಯೇ, ಅಂಚು ಮೊಂಡಾಗಿದೆಯೇ, ಮುಚ್ಚಳದ ತಿರುಪು ಸಡಿಲವೇ, ಕಾವೇ ಅದುರುತ್ತಿದೆಯೇ. ಉದ್ದ ಕಾವಿನ ನಡುವೆ ಆಧಾರವಿಲ್ಲದಿದ್ದರೆ ಎಂಥ ಉಪಕರಣವೂ ಕುಣಿಯುತ್ತದೆ. ಉಪಕರಣವನ್ನು ಸ್ವಲ್ಪ ಓರೆಯಾಗಿ ತಿರುಗಿಸಿ ತಳ್ಳಿದರೂ ನಡುಕ ಇಳಿಯುತ್ತದೆ. 151ರ ತಿರುಪುಗಳಲ್ಲಿ ಒಂದಷ್ಟು ಸಡಿಲ ಸುತ್ತು ಇರುತ್ತದೆ. ಬ್ಲೇಡನ್ನು ಮೇಲೆತ್ತಬೇಕಾದಾಗ ಬೇಕಾದ್ದಕ್ಕಿಂತ ಹೆಚ್ಚು ಎತ್ತಿ, ಆಮೇಲೆ ಇಳಿಸುತ್ತಲೇ ಹೊಂದಿಸಿ, ಇಲ್ಲವಾದರೆ ಕೆಲಸದ ನಡುವೆ ತಾನೇ ಹಿಂದೆ ಸರಿಯುತ್ತದೆ.

ಕಡೆಗೆ ಉಪ್ಪು ಕಾಗದ ಹಾಕಬೇಕೋ ಬೇಡವೋ? ಕುರ್ಚಿಯ ತೋಳಿಗಾದರೆ ಹಾಕಿ. ಕೊಡಲಿ, ಗುದ್ದಲಿ ಕಾವಿಗೆ ನಾನು ಹಾಕುವುದಿಲ್ಲ. ಚೂಪಾದ ಬ್ಲೇಡಿನಿಂದ ಬಂದ ಮೈ ಹಾಗೇ ಹೊಳೆಯುತ್ತದೆ, ಕೀಸಿದ ಸಣ್ಣ ಸಣ್ಣ ಮುಖಗಳು ಬೆವರಿದ ಅಂಗೈಗೆ ಹಿಡಿತ ಕೊಡುತ್ತವೆ. ಅಗಸೆ ಎಣ್ಣೆ ಒಂದು ಕೈ ಸವರಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಕೊಡಲಿಗೆ ಸೇರಿಸಿ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಹಾಕಿ.